ಪ್ಲಾಸ್ಟಿಕ್ ಕಾಗೆಯ ಬಳಿಗೆ ನಿಜವಾದ ಕಾಗೆ ಬರುವುದೇಕೆ?

ಮೇ ತಿಂಗಳಲ್ಲಿ ಕಾರವಾರದಿಂದ ಹೊನ್ನಾವರದವರೆಗಿನ ಯಾವ ಮೀನುಗಾರರ ಕೇರಿಗೆ ಹೋದರೂ ಮರಳಿನ ಮೇಲೆ ಹಾಸಿದ ಹಳೆಯ ಬಲೆಯಲ್ಲಿ ತಾರ್ಲೆ, ಬಂಗಡೆ, ಸಿಗಡಿ ಒಣಗುತ್ತಿರುತ್ತವೆ, ಪಕ್ಕದಲ್ಲಿ ತಲೆಗೆ ಬಟ್ಟೆ ಹೊದ್ದ ಹೆಂಗಸೊಬ್ಬಳು ಉದ್ದನೆಯ ಕೋಲು ಹಿಡಿದು ಕುಳಿತಿರುತ್ತಾಳೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳು ಕಡಲಿಗೆ ಇಳಿಯುವಂತಿಲ್ಲವಾದ್ದರಿಂದ ಮಳೆಗಾಲಕ್ಕೆ ಬೇಕಾದ ಒಣಮೀನು ಅದಕ್ಕೆ ಮೊದಲೇ ಸಿದ್ಧವಾಗಬೇಕು. ಕೋಲು ಇರುವುದು ಕಾಗೆಗಾಗಿ.

ಈಚೆಗೆ ಮೊಬೈಲಿನಿಂದ ಮೊಬೈಲಿಗೆ ಓಡಾಡುತ್ತಿರುವ ಹೊರದೇಶದ ಕೆಲವು ವಿಡಿಯೊಗಳಲ್ಲಿ ಇದೇ ಕಾಗೆಗೆ ಬೇರೆಯೇ ಒಂದು ವ್ಯವಸ್ಥೆ ಕಾಣುತ್ತದೆ. ಕೊಯ್ಲಾದ ಹೊಲದಲ್ಲಿ ಇಪ್ಪತ್ತು ಪ್ಲಾಸ್ಟಿಕ್ ಕಾಗೆಗಳನ್ನು ನಿಲ್ಲಿಸಿರುತ್ತಾರೆ. ಬೇಲಿಯ ಪೊದೆಯೊಳಗೆ ಎಲೆಬಣ್ಣದ ಬಟ್ಟೆ ತೊಟ್ಟ ಒಬ್ಬ ಮನುಷ್ಯ ಪೀಪಿಯಿಂದ ಕಾಗೆಯ ಕೂಗು ಹೊರಡಿಸುತ್ತಾನೆ. ಆಕಾಶದಲ್ಲಿ ಕಪ್ಪು ಚುಕ್ಕೆಗಳು ಮೂಡಿ ದೊಡ್ಡದಾಗುತ್ತ ಬರುತ್ತವೆ. ಆಮೇಲೆ ಕೋವಿಯ ಸದ್ದು. ನೋಡಿದವರು ಸಾಮಾನ್ಯವಾಗಿ ಮೂರು ಪ್ರಶ್ನೆ ಕೇಳುತ್ತಾರೆ. ಇಷ್ಟು ಜಾಣ ಹಕ್ಕಿ ಬೊಂಬೆಗೆ ಮರುಳಾಗುವುದು ಹೇಗೆ? ಇದನ್ನು ನಮ್ಮಲ್ಲಿ ಮಾಡಬಹುದೆ? ಮಾಡಿದರೆ ಕಾಗೆಯ ಕಾಟ ತಪ್ಪೀತೆ? ಮೊದಲನೆಯದಕ್ಕೆ ಉತ್ತರ ಸ್ವಲ್ಪ ಉದ್ದವಾಗಿದೆ, ಉಳಿದೆರಡಕ್ಕೆ ಅಷ್ಟು ಉದ್ದವಿಲ್ಲ.

ದೀವ ಮತ್ತು ಮರಸು

ವಿಡಿಯೊದಲ್ಲಿ ಕಾಣುವ ಎರಡು ಉಪಾಯಗಳಿಗೂ ಕನ್ನಡದಲ್ಲಿ ಹಳೆಯ ಹೆಸರುಗಳಿವೆ. ಕಾಡಿನ ಜಿಂಕೆಯನ್ನು ಹತ್ತಿರಕ್ಕೆ ಸೆಳೆಯುವುದಕ್ಕಾಗಿ ಬೇಟೆಗಾರರು ಪಳಗಿಸಿ ಒಯ್ಯುತ್ತಿದ್ದ ಜಿಂಕೆಗೆ ಹಳಗನ್ನಡದಲ್ಲಿ ‘ದೀವ’ ಎನ್ನುತ್ತಿದ್ದರು. ಜೀವಂತ ಪ್ರಾಣಿಯಾಗಿರಲಿ, ಮರದ ಬೊಂಬೆಯಾಗಿರಲಿ, ಪ್ಲಾಸ್ಟಿಕ್ ಆಗಿರಲಿ, ತನ್ನನ್ನು ನೋಡಿ ಬರುವ ಪ್ರಾಣಿಯನ್ನು ಬೇಟೆಗಾರನ ಅಳವಿಗೆ ತಂದುಕೊಡುವ ವಸ್ತುವನ್ನೆಲ್ಲ ಈ ಲೇಖನದಲ್ಲಿ ದೀವ ಎಂದೇ ಕರೆಯೋಣ. ಇನ್ನೊಂದು, ಅಡಗಿ ಕೂರುವ ಜಾಗ. ಹಣ್ಣುದುರುವ ಮರದ ಬಳಿಯೋ ಪ್ರಾಣಿಗಳು ನೀರಿಗೆ ಇಳಿಯುವ ದಾರಿಯ ಬಳಿಯೋ ಸದ್ದಿಲ್ಲದೆ ಕಾಯುವುದನ್ನು ಮಲೆನಾಡಿನ ಹಳೆಯ ಬೇಟೆಗಾರರು ‘ಮರಸು ಕೂರುವುದು’ ಎನ್ನುತ್ತಿದ್ದರು. ವಿಡಿಯೊದ ಪೊದೆ ಒಂದು ಮರಸು.

ಈ ವಿದ್ಯೆ ಯಾವುದೋ ಒಂದು ದೇಶದ ಸೊತ್ತಲ್ಲ. ಅಮೆರಿಕದ ನೆವಾಡ ರಾಜ್ಯದ ಲವ್‌ಲಾಕ್ ಗುಹೆಯಲ್ಲಿ 1924ರಲ್ಲಿ ಜೊಂಡಿನಿಂದ ಹೆಣೆದ ಬಾತುಕೋಳಿಯ ಬೊಂಬೆಗಳು ಸಿಕ್ಕಿದವು. ಅವುಗಳಿಗೆ ಸುಮಾರು 2000 ವರ್ಷ ವಯಸ್ಸೆಂದು ಲೆಕ್ಕ ಹಾಕಲಾಗಿದೆ. ಅಷ್ಟು ಹಿಂದೆಯೇ ಅಲ್ಲಿನ ಮೂಲನಿವಾಸಿಗಳು ನೀರಿನ ಮೇಲೆ ಬೊಂಬೆ ತೇಲಿಬಿಟ್ಟು ನಿಜವಾದ ಬಾತುಕೋಳಿಗಾಗಿ ಕಾಯುತ್ತಿದ್ದರು.

ದೀವವನ್ನು ಅರ್ಥ ಮಾಡಿಕೊಳ್ಳುವುದಕ್ಕೆ ಅದರ ವಿರುದ್ಧದ ವಸ್ತುವನ್ನು ನೋಡುವುದು ಸುಲಭದ ದಾರಿ. ಗದ್ದೆಯ ಬೆರ್ಚಪ್ಪ, ಅಂದರೆ ಬೆದರುಬೊಂಬೆ, ಹಕ್ಕಿಗೆ ‘ಇಲ್ಲಿ ಮನುಷ್ಯನಿದ್ದಾನೆ’ ಎಂಬ ಸುಳ್ಳು ಹೇಳಿ ಓಡಿಸುತ್ತದೆ. ದೀವ ‘ಇಲ್ಲಿ ನಿನ್ನವರಿದ್ದಾರೆ’ ಎಂಬ ಸುಳ್ಳು ಹೇಳಿ ಕರೆಯುತ್ತದೆ. ಎರಡರ ನಡುವಿನ ಗೆರೆ ಬಹಳ ತೆಳುವಾದದ್ದು. ಶಿರಸಿ ಕಡೆಯ ನಮ್ಮ ಮನೆಯಲ್ಲಿ ಬೇಸಗೆಯಲ್ಲಿ ಹಲಸಿನ ಹಪ್ಪಳ ಒಣಗಿಸುವಾಗ ಅಜ್ಜಿ ಒಂದು ಗಳುವಿನ ತುದಿಗೆ ಕಪ್ಪು ಕೊಡೆಯ ಹರಿದ ಬಟ್ಟೆಯನ್ನು ತಲೆಕೆಳಗಾಗಿ ಜೋತುಬಿಡುತ್ತಿದ್ದರು. ದೂರದಿಂದ ಅದು ಕಾಲು ಕಟ್ಟಿ ನೇತುಹಾಕಿದ ಸತ್ತ ಕಾಗೆಯಂತೆಯೇ ಕಾಣುತ್ತಿತ್ತು, ಕಾಗೆಗಳು ಹತ್ತಿರ ಬರುತ್ತಿರಲಿಲ್ಲ. ಅದೇ ಕಪ್ಪು ಬಟ್ಟೆಯನ್ನು ನೆಟ್ಟಗೆ ಕೂತ ಕಾಗೆಯ ಆಕಾರಕ್ಕೆ ಹೊಲಿದು ಹಪ್ಪಳದ ಚಾಪೆಯ ಮೇಲಿಟ್ಟಿದ್ದರೆ ಅದು ಕಾಗೆಗಳನ್ನು ಊಟಕ್ಕೆ ಕರೆದಂತಾಗುತ್ತಿತ್ತು. ಬಣ್ಣವೂ ಗಾತ್ರವೂ ಒಂದೇ ಆದರೂ ಭಂಗಿ ಬದಲಾದರೆ ಸಂದೇಶವೇ ತಿರುಗಿಬಿಡುತ್ತದೆ.

ಕಾಗೆಯ ಲೆಕ್ಕಾಚಾರ

ಹೆದ್ದಾರಿಯಲ್ಲಿ ರಾತ್ರಿ ಹೋಗುವಾಗ ಎರಡು ಖಾನಾವಳಿಗಳು ಕಂಡವು ಎಂದುಕೊಳ್ಳಿ. ಒಂದರ ಮುಂದೆ ಹತ್ತು ಲಾರಿ ನಿಂತಿವೆ, ಇನ್ನೊಂದರ ಮುಂದೆ ಯಾವುದೂ ಇಲ್ಲ. ಅಡಿಗೆ ಹೇಗಿದೆಯೆಂದು ಒಳಗೆ ಹೋಗಿ ನೋಡದೆಯೇ ನಾವು ಲಾರಿಗಳಿರುವ ಕಡೆ ಗಾಡಿ ನಿಲ್ಲಿಸುತ್ತೇವೆ. ಲಾರಿಯವರು ದಿನಾ ಓಡಾಡುವವರು, ಅವರಿಗೆ ಗೊತ್ತಿರುತ್ತದೆ ಎಂಬ ನಂಬಿಕೆ. ಕಾಗೆಯೂ ಹಾಗೆಯೇ ಮಾಡುತ್ತದೆ. ನೆಲದ ಮೇಲೆ ನಾಲ್ಕು ಕಾಗೆಗಳು ತಲೆ ತಗ್ಗಿಸಿ ನಿಂತಿದ್ದರೆ ಅಲ್ಲಿ ತಿನ್ನಲು ಏನೋ ಇದೆ ಎಂಬ ಸುದ್ದಿ ಒಂದಾದರೆ, ಅವು ಇನ್ನೂ ಜೀವಂತವಾಗಿವೆ, ಅಂದರೆ ಸದ್ಯಕ್ಕೆ ಅಪಾಯವಿಲ್ಲ ಎಂಬುದು ಎರಡನೆಯ ಸುದ್ದಿ. ಆಹಾರವನ್ನು ತಾನೇ ಹುಡುಕುವುದಕ್ಕಿಂತ ಹುಡುಕಿದವರ ಹಿಂದೆ ಹೋಗುವುದು ಲಾಭದ ಕೆಲಸ. ಗುಂಪಿನಲ್ಲಿ ಬದುಕುವ ಹಕ್ಕಿಗಳಿಗೆಲ್ಲ ಈ ಬುದ್ಧಿ ಸ್ವಲ್ಪಮಟ್ಟಿಗೆ ಇದೆ, ಕಾಗೆಯ ಕುಲದಲ್ಲಿ ಅದು ಹರಿತವಾಗಿದೆ.

ಕಾಗೆಯ ಗುಂಪಿನಲ್ಲಿ ಕಾವಲಿನ ಪದ್ಧತಿಯೂ ಉಂಟು. ಹಲವು ನೆಲದ ಮೇಲೆ ತಿನ್ನುತ್ತಿರುವಾಗ ಒಂದೆರಡು ಎತ್ತರದ ಕೊಂಬೆಯ ಮೇಲೆ ಕುಳಿತು ಸುತ್ತ ನೋಡುತ್ತಿರುತ್ತವೆ. ಆಕಾಶದಲ್ಲಿ ಹಾದುಹೋಗುವ ಕಾಗೆ ಮೊದಲು ಗಮನಿಸುವುದು ಈ ಕಾವಲುಗಾರನನ್ನು. ಅದು ನಿರಾಳವಾಗಿ ಕುಳಿತಿದ್ದರೆ ಕೆಳಗಿಳಿಯಬಹುದು, ಎಗರಿ ಕೂಗಿದರೆ ಎಲ್ಲರೂ ಹಾರಬೇಕು. ಹೀಗಾಗಿ, ಕಾಗೆ ಬೊಂಬೆಗೆ ಮರುಳಾಗುವುದು ದಡ್ಡತನದಿಂದ ಎಂದು ತಿಳಿದರೆ ತಪ್ಪಾಗುತ್ತದೆ. ನೆರೆಹೊರೆಯವರನ್ನು ನೋಡಿ ತಿಳಿದುಕೊಳ್ಳುವ ಅದರ ಜಾಣತನದ ಬಾಗಿಲಿನಿಂದಲೇ ಬೇಟೆಗಾರ ಒಳಗೆ ಬರುತ್ತಾನೆ.

ಹೊಲದಲ್ಲಿ ಬೊಂಬೆ ಇಡುವ ಬಗೆ

ಅಮೆರಿಕದಲ್ಲೂ ಯುರೋಪಿನಲ್ಲೂ ಈ ಬೇಟೆಯ ಮೊದಲ ಕೆಲಸ ಕೋವಿಯದ್ದಲ್ಲ, ಕಣ್ಣಿನದ್ದು. ಕಾಗೆಗಳು ರಾತ್ರಿ ಒಂದೇ ಕಡೆ ಗುಂಪಾಗಿ ಮಲಗಿ, ಬೆಳಗಾದೊಡನೆ ಮೇವಿನ ಜಾಗಕ್ಕೆ ಹೆಚ್ಚುಕಡಿಮೆ ಒಂದೇ ದಾರಿಯಲ್ಲಿ ಹಾರುತ್ತವೆ, ಸಂಜೆ ಅದೇ ದಾರಿಯಲ್ಲಿ ಮರಳುತ್ತವೆ. ಕಾರವಾರದ ಕಡಲತೀರದಲ್ಲಿ ಸಂಜೆ ನಿಂತವರು ಮೀನುಬಂದರಿನ ಕಡೆಯಿಂದ ಊರೊಳಗಿನ ದೊಡ್ಡ ಮರಗಳ ಕಡೆಗೆ ಹೋಗುವ ಇಂಥ ಸಾಲನ್ನು ನೋಡಿರುತ್ತಾರೆ. ಅನುಭವಿ ಬೇಟೆಗಾರ ಎರಡು ಮೂರು ದಿನ ಸುಮ್ಮನೆ ನಿಂತು ಈ ದಾರಿಯನ್ನು ಗುರುತಿಸುತ್ತಾನೆ. ದಾರಿಯಿಂದ ಒಂದು ಮೈಲು ದೂರದಲ್ಲಿ ಎಷ್ಟು ಚಂದದ ಬೊಂಬೆ ಇಟ್ಟರೂ ನೋಡುವವರಿಲ್ಲ.

ಆಮೇಲೆ ಬೊಂಬೆಗಳ ಜೋಡಣೆ. ಒಂದರಿಂದ ಎರಡು ಡಜನ್ ಬೊಂಬೆಗಳನ್ನು ನೆಲದಲ್ಲಿ ಒತ್ತೊತ್ತಾಗಿರದಂತೆ ಚದುರಿಸಿ ಇಡುತ್ತಾರೆ, ಒಂದೆರಡನ್ನು ಒಣಗಿದ ಕೊಂಬೆಯ ತುದಿಗೋ ಬೇಲಿಗೂಟದ ಮೇಲಕ್ಕೋ ಏರಿಸುತ್ತಾರೆ. ಈ ಎತ್ತರದ ಬೊಂಬೆಗಳೇ ಸುಳ್ಳು ಕಾವಲುಗಾರರು. ಹಕ್ಕಿಗಳು ಇಳಿಯುವಾಗ ವೇಗ ತಗ್ಗಿಸಿಕೊಳ್ಳಲು ಗಾಳಿಗೆ ಎದುರಾಗಿ ಬರುತ್ತವೆ. ಆದ್ದರಿಂದ ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಎಂದು ನೋಡಿಕೊಂಡು, ಕಾಗೆ ಕೊನೆಯ ಕ್ಷಣದಲ್ಲಿ ತೇಲಿ ಬರುವ ಜಾಗ ಮರಸಿನ ಎದುರಿಗೇ ಬೀಳುವಂತೆ ಬೊಂಬೆಗಳ ನಡುವೆ ಒಂದಿಷ್ಟು ಖಾಲಿ ಅಂಗಳ ಬಿಡುತ್ತಾರೆ. ಚರೆ ಹಾರಿಸುವ ಕೋವಿಯ ಪರಿಣಾಮಕಾರಿ ಅಳತೆ 30ರಿಂದ 40 ಮೀಟರ್ ಮಾತ್ರ. ಆಚೆಗೆ ಚರೆ ಚದುರಿಹೋಗಿ ಹಕ್ಕಿ ಸಾಯುವ ಬದಲು ಗಾಯಗೊಂಡು ನರಳುತ್ತದೆ. ಇಡೀ ಜೋಡಣೆಯ ಉದ್ದೇಶ ಈ 40 ಮೀಟರಿನೊಳಗೆ ಹಕ್ಕಿಯನ್ನು ತರುವುದು, ಅಷ್ಟೇ.

ಬೊಂಬೆಯ ಮೈ ಹೊಳೆಯಬಾರದು ಎಂಬುದು ಇನ್ನೊಂದು ಸೂಕ್ಷ್ಮ. ಕಾಗೆಯ ಗರಿಗೂ ಮಿರುಗು ಇದೆ ನಿಜ, ಆದರೆ ಇಬ್ಬನಿ ಬಿದ್ದ ಪ್ಲಾಸ್ಟಿಕ್ಕಿನ ಮೇಲೆ ಬೆಳಗಿನ ಬಿಸಿಲು ಹೊಳೆಯುವುದೇ ಬೇರೆ. ಅದಕ್ಕಾಗಿ ದುಬಾರಿ ಬೊಂಬೆಗಳ ಮೇಲೆ ಮಖಮಲ್ಲಿನಂಥ ನವುರಾದ ಲೇಪ ಇರುತ್ತದೆ. ನಿಶ್ಚಲತೆಯೂ ಅನುಮಾನ ಹುಟ್ಟಿಸುತ್ತದೆ. ಹತ್ತು ನಿಮಿಷ ಒಂದೇ ಭಂಗಿಯಲ್ಲಿ ನಿಂತ ಇಪ್ಪತ್ತು ಕಾಗೆಗಳನ್ನು ಯಾರೂ ಕಂಡವರಿಲ್ಲವಲ್ಲ. ಹೀಗಾಗಿ ದಾರ ಎಳೆದರೆ ರೆಕ್ಕೆ ಬಡಿಯುವ, ಬ್ಯಾಟರಿಯಿಂದ ತಿರುಗುವ ಬೊಂಬೆಗಳೂ ಮಾರುಕಟ್ಟೆಯಲ್ಲಿ ಇವೆ.

ದೃಶ್ಯದ ಜತೆಗೆ ಧ್ವನಿ ಸೇರಬೇಕು. ಕಾಗೆಯ ‘ಕಾ’ ನಮಗೆ ಒಂದೇ ಥರ ಕೇಳಿದರೂ ಅದರ ಉದ್ದ, ಗಡುಸು, ನಡುವಿನ ಬಿಡುವು ಬದಲಾದಂತೆ ಅರ್ಥ ಬದಲಾಗುತ್ತದೆ. ಬಿಡಿಬಿಡಿಯಾದ ಎರಡು ಮೂರು ಕೂಗು ‘ನಾನಿಲ್ಲಿದ್ದೇನೆ’ ಎಂಬಂತೆ. ಅವಸರದ, ಒಡಕು ಗಂಟಲಿನ ಕೂಗಿನ ಸುರಿಮಳೆ ‘ಶತ್ರು ಸಿಕ್ಕಿದ್ದಾನೆ, ಎಲ್ಲರೂ ಬನ್ನಿ’ ಎಂಬಂತೆ. ಬೇಟೆಗಾರರು ಬಾಯಲ್ಲಿ ಊದುವ ಮರದ ಪೀಪಿಯನ್ನೋ ಧ್ವನಿಮುದ್ರಿತ ಕೂಗನ್ನೋ ಬಳಸುತ್ತಾರೆ. ತಪ್ಪು ಕೂಗು ಹಾಕಿದರೆ ಬರುತ್ತಿದ್ದ ಕಾಗೆಯೂ ತಿರುಗಿ ಹೋಗುತ್ತದೆ.

ಗೂಬೆಯೆಂಬ ಎರಡನೆಯ ದೀವ

ಮಹಾಭಾರತದ ಸೌಪ್ತಿಕ ಪರ್ವದಲ್ಲಿ ಅಶ್ವತ್ಥಾಮನಿಗೆ ರಾತ್ರಿ ನಿದ್ದೆ ಬರುವುದಿಲ್ಲ. ಆಲದ ಮರದಲ್ಲಿ ಮಲಗಿದ್ದ ಕಾಗೆಗಳನ್ನು ಗೂಬೆಯೊಂದು ಸದ್ದಿಲ್ಲದೆ ಬಂದು ಕೊಲ್ಲುವುದನ್ನು ನೋಡಿ, ನಿದ್ರಿಸುತ್ತಿರುವ ಪಾಂಡವರ ಪಾಳೆಯದ ಮೇಲೆ ಬೀಳುವ ಉಪಾಯ ಅವನಿಗೆ ಹೊಳೆಯುತ್ತದೆ. ಪಂಚತಂತ್ರದ ಮೂರನೆಯ ತಂತ್ರವಂತೂ ಪೂರ್ತಿ ಕಾಗೆ ಮತ್ತು ಗೂಬೆಯ ಯುದ್ಧವೇ. ಕಥೆ ಕಟ್ಟಿದವರು ಹಕ್ಕಿಗಳನ್ನು ಚೆನ್ನಾಗಿ ನೋಡಿದ್ದರು. ದೊಡ್ಡ ಗೂಬೆಗಳು ರಾತ್ರಿ ಮಲಗಿದ ಕಾಗೆಗಳನ್ನು ನಿಜವಾಗಿಯೂ ಹಿಡಿದು ತಿನ್ನುತ್ತವೆ. ಕತ್ತಲೆಯಲ್ಲಿ ಕಾಗೆ ಅಸಹಾಯಕ, ಹಗಲಿನಲ್ಲಿ ಅದರದೇ ಮೇಲುಗೈ. ಆದ್ದರಿಂದ ಹಗಲು ಗೂಬೆ ಕಣ್ಣಿಗೆ ಬಿದ್ದರೆ ಸುತ್ತಲಿನ ಕಾಗೆಗಳೆಲ್ಲ ಸೇರಿ ಕಿರುಚುತ್ತ, ಮೇಲೆ ಎರಗುತ್ತ ಅದನ್ನು ಆ ಪ್ರದೇಶದಿಂದ ಅಟ್ಟುತ್ತವೆ. ತೋಟದ ಮನೆಗಳವರಿಗೆ ಈ ಗಲಾಟೆ ಹೊಸದಲ್ಲ.

ಜರ್ಮನಿಯಲ್ಲಿ ಇದನ್ನೇ ಆಧಾರ ಮಾಡಿಕೊಂಡ ಒಂದು ಬೇಟೆಯ ಸಂಪ್ರದಾಯ ಬೆಳೆದಿತ್ತು. ಬಯಲಿನಲ್ಲಿ ಅರ್ಧ ನೆಲದೊಳಗೆ ಹೂತಂತೆ ಕಟ್ಟಿದ ಒಂದು ಗುಡಿಸಲು, ಅದರ ಮುಂದೆ ಒಂದು ಗೂಟ, ಗೂಟದ ಮೇಲೆ ಕಾಲಿಗೆ ಹಗ್ಗ ಕಟ್ಟಿದ ಜೀವಂತ ಕೊಂಬಿನ ಗೂಬೆ. ಅದನ್ನು ಕಂಡು ಹೊಡೆಯಲು ಬಂದ ಕಾಗೆಗಳ ಮೇಲೆ ಗುಡಿಸಲಿನ ಕಿಂಡಿಯಿಂದ ಗುಂಡು. ಈಗಿನ ಬೇಟೆಗಾರರು ಇದಕ್ಕೆ ಪ್ಲಾಸ್ಟಿಕ್ ಗೂಬೆಯನ್ನು ಬಳಸುತ್ತಾರೆ. ಮೊದಲು ಹೇಳಿದ ದೀವಕ್ಕೂ ಇದಕ್ಕೂ ಇರುವ ವ್ಯತ್ಯಾಸ ಗಮನಿಸಬೇಕು. ಮೊದಲನೆಯದು ಹಸಿವನ್ನು ಕರೆಯುತ್ತದೆ, ಇದು ಸಿಟ್ಟನ್ನು ಕರೆಯುತ್ತದೆ. ಹಸಿದು ಬಂದ ಕಾಗೆ ಅನುಮಾನದಿಂದ ಎರಡು ಸುತ್ತು ಹಾಕೀತು. ಸಿಟ್ಟಿನಿಂದ ಬಂದದ್ದು ಅಷ್ಟು ಯೋಚಿಸುವುದಿಲ್ಲ. ಮನುಷ್ಯರಲ್ಲಿಯೂ ಇದು ಹೀಗೆಯೇ ಇದೆಯೆಂದು ತೋರುತ್ತದೆ, ಆದರೆ ಅದು ಬೇರೆ ವಿಷಯ.

ಇನ್ನೂ ಒಂದು ವಿಧಾನದಲ್ಲಿ ಕೋವಿಯೇ ಇಲ್ಲ. 1950ರ ದಶಕದಲ್ಲಿ ಡೆನ್ಮಾರ್ಕಿನಲ್ಲಿ ರೂಪುಗೊಂಡ ಲಾರ್ಸೆನ್ ಬೋನಿನಲ್ಲಿ ಎರಡು ಕೋಣೆಗಳಿರುತ್ತವೆ. ಒಂದರಲ್ಲಿ ಜೀವಂತ ಕಾಗೆಯನ್ನು ಇಟ್ಟರೆ, ತನ್ನ ಗಡಿಯೊಳಗೆ ಪರಕೀಯನೊಬ್ಬ ಬಂದನೆಂದು ಜಗಳಕ್ಕೆ ಬರುವ ಸ್ಥಳೀಯ ಕಾಗೆ ಇನ್ನೊಂದು ಕೋಣೆಯಲ್ಲಿ ಸಿಕ್ಕಿಬೀಳುತ್ತದೆ. ಹುಟ್ಟಿದ ದೇಶದಲ್ಲೇ ಈಗ ಅದಕ್ಕೆ ನಿಷೇಧವಿದೆ, ಬ್ರಿಟನ್ನಿನಲ್ಲಿ ನಿಯಮಗಳಿಗೆ ಒಳಪಟ್ಟು ಬಳಕೆಯಲ್ಲಿದೆ.

ಮರಸು ಏಕೆ ಬೇಕು

ಪಿತೃಪಕ್ಷದಲ್ಲಿ ಎಡೆಯನ್ನು ಬಾಳೆಲೆಯ ತುಂಡಿನಲ್ಲಿ ಹೊರಗಿಟ್ಟು ‘ಕಾ ಕಾ’ ಎಂದು ಕರೆದ ಮೇಲೆ ಮನೆಮಂದಿ ಏನು ಮಾಡುತ್ತಾರೆ ಎಂಬುದನ್ನು ನೆನಪಿಸಿಕೊಳ್ಳಿ. ಎಲೆಯ ಪಕ್ಕದಲ್ಲೇ ನಿಂತರೆ ಕಾಗೆ ತೆಂಗಿನ ಗರಿಯ ಮೇಲೆ ಕುಳಿತು ಕತ್ತು ಓರೆ ಮಾಡಿ ನೋಡುತ್ತದೆಯೇ ಹೊರತು ಇಳಿಯುವುದಿಲ್ಲ. ಯಾರೋ ಹಿರಿಯರು ‘ಒಳಗೆ ಬನ್ನಿ ಎಲ್ಲರೂ’ ಎನ್ನುತ್ತಾರೆ, ಎಲ್ಲರೂ ಬಾಗಿಲ ಮರೆಗೆ ಸರಿಯುತ್ತಾರೆ, ಒಂದು ಮಗು ಮಾತ್ರ ಕಿಟಕಿಯಲ್ಲಿ ಇಣುಕುತ್ತದೆ, ಅಷ್ಟಕ್ಕೇ ಕಾಗೆ ಇನ್ನೊಂದು ಮರಕ್ಕೆ ಹಾರುತ್ತದೆ. ಬಾಗಿಲ ಮರೆಯೂ ಒಂದು ಮರಸೇ. ಅದು ಏಕೆ ಬೇಕೆಂದು ಆ ಕಿಟಕಿಯ ಮಗುವನ್ನು ಕೇಳಿದರೆ ಸಾಕು.

ನಮ್ಮ ಕಣ್ಣಿನಲ್ಲಿ ಬಣ್ಣ ಗುರುತಿಸುವ ಕೋಶಗಳು ಮೂರು ಬಗೆಯವು, ಹಗಲಿನ ಹಕ್ಕಿಗಳಲ್ಲಿ ನಾಲ್ಕು ಬಗೆಯವು. ಅವುಗಳ ಕಣ್ಣುಗಳು ತಲೆಯ ಎರಡು ಪಕ್ಕದಲ್ಲಿರುವುದರಿಂದ ಒಮ್ಮೆಗೇ ಕಾಣುವ ಪ್ರದೇಶವೂ ನಮ್ಮದಕ್ಕಿಂತ ಬಹಳ ಅಗಲ. ಆದರೆ ಬಣ್ಣಕ್ಕಿಂತ ಮೊದಲು ಬೇಟೆಗಾರನನ್ನು ಹಿಡಿದುಕೊಡುವುದು ಚಲನೆ, ಚಲನೆಯ ನಂತರ ಮುಖ. ಎಲೆಗಳ ನಡುವೆ ತಲೆಯೆತ್ತಿ ನೋಡುವ ಮನುಷ್ಯನ ಬೆವೆತ ಮುಖ ಮೇಲಿನಿಂದ ನೋಡುವವರಿಗೆ ಬಿಳಿಯ ತಟ್ಟೆಯಂತೆ ಹೊಳೆಯುತ್ತದೆ. ಆದ್ದರಿಂದ ಮುಖಕ್ಕೂ ಕೈಗೂ ಮುಸುಕು, ತಲೆಯ ಮೇಲೆ ಟೊಪ್ಪಿಗೆ, ಬೆನ್ನ ಹಿಂದೆ ದಟ್ಟವಾದ ಪೊದೆ, ಮುಂದೆ ಸೊಂಟದೆತ್ತರದ ಬಲೆ, ಬಲೆಗೆ ಸಿಕ್ಕಿಸಿದ ಅದೇ ಜಾಗದ ಸೊಪ್ಪು. ಬೇರೆ ಕಡೆಯ ಸೊಪ್ಪು ತಂದು ಕಟ್ಟಿದ ಮರಸು ಹಳೆಯ ಅಂಗಿಗೆ ಹೊಸ ತೇಪೆ ಹಾಕಿದಂತೆ ಎದ್ದು ಕಾಣುತ್ತದೆ. ನೆರಳಿನಲ್ಲಿ ಕೂರುವುದು, ಸೂರ್ಯನಿಗೆ ಬೆನ್ನು ಹಾಕುವುದು, ಹಕ್ಕಿ ಹತ್ತಿರ ಬರುವವರೆಗೆ ಅಲುಗದಿರುವುದು, ಉಳಿದದ್ದೆಲ್ಲ ಇಷ್ಟೇ.

ಒಮ್ಮೆ ಮೋಸಹೋದ ಕಾಗೆ

ಇಷ್ಟೆಲ್ಲ ಮಾಡಿದರೂ ಒಂದೇ ಜಾಗದಲ್ಲಿ ಆಟ ಬಹಳ ಹೊತ್ತು ನಡೆಯುವುದಿಲ್ಲ. ಪೀಪಿ ಊದಿ ಕರೆಯುವ ಬೇಟೆಗಾರರು ಕಾಲು ಗಂಟೆ, ಅರ್ಧ ಗಂಟೆಗೆಲ್ಲ ಬೊಂಬೆಗಳನ್ನು ಚೀಲಕ್ಕೆ ತುಂಬಿಕೊಂಡು ಬೇರೆ ಕಡೆಗೆ ಹೋಗುತ್ತಾರೆ. ಕಾರಣ ಕಾಗೆಯ ನೆನಪು.

ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದ ಜಾನ್ ಮಾರ್ಜ್ಲಫ್ ಎಂಬ ವಿಜ್ಞಾನಿ ಮತ್ತು ಅವರ ಸಂಗಡಿಗರು 2006ರಲ್ಲಿ ಗುಹಾಮಾನವನ ಮುಖವಾಡ ಧರಿಸಿ ಏಳು ಕಾಗೆಗಳನ್ನು ಬಲೆಯಲ್ಲಿ ಹಿಡಿದು, ಕಾಲಿಗೆ ಉಂಗುರ ತೊಡಿಸಿ ಬಿಟ್ಟರು. ಆಮೇಲೆ ಅದೇ ಮುಖವಾಡ ತೊಟ್ಟು ಆವರಣದಲ್ಲಿ ಯಾರು ನಡೆದರೂ ಕಾಗೆಗಳು ಬೈದವು, ಮೇಲೆ ಎರಗಿದವು. ಅಂದಿನ ಅಮೆರಿಕದ ಉಪಾಧ್ಯಕ್ಷ ಡಿಕ್ ಚೇನಿಯವರ ಮುಖವಾಡವನ್ನು ಹೋಲಿಕೆಗಾಗಿ ತೊಟ್ಟಾಗ ಕಾಗೆಗಳು ಅಷ್ಟಾಗಿ ತಲೆಕೆಡಿಸಿಕೊಳ್ಳಲಿಲ್ಲ. ವರ್ಷಗಳು ಕಳೆದಂತೆ ಬೈಯುವ ಕಾಗೆಗಳ ಸಂಖ್ಯೆ ಹೆಚ್ಚುತ್ತಲೇ ಹೋಯಿತು. ಬಲೆಗೆ ಬೀಳದವು ಬಿದ್ದವರನ್ನು ನೋಡಿ ಕಲಿತವು, ಮರಿಗಳು ತಾಯ್ತಂದೆಯರನ್ನು ನೋಡಿ ಕಲಿತವು. ಮಾರ್ಜ್ಲಫ್ ಮತ್ತು ಕೇಲಿ ಸ್ವಿಫ್ಟ್ 2015ರಲ್ಲಿ ಪ್ರಕಟಿಸಿದ ಇನ್ನೊಂದು ಅಧ್ಯಯನದಲ್ಲಿ, ಸತ್ತ ಕಾಗೆಯನ್ನು ಕೈಯಲ್ಲಿ ಹಿಡಿದು ನಿಂತ ಮನುಷ್ಯನನ್ನು ಕಂಡ ಕಾಗೆಗಳು ಗುಂಪುಗೂಡಿ ಕೂಗಿದ್ದಲ್ಲದೆ, ಆ ಜಾಗದಲ್ಲಿ ಇಟ್ಟ ಆಹಾರವನ್ನು ಮುಟ್ಟಲು ಮುಂದಿನ ದಿನಗಳಲ್ಲೂ ಹಿಂಜರಿದವು. ಅಜ್ಜಿಯ ಕಪ್ಪು ಬಟ್ಟೆ ಕೆಲಸ ಮಾಡುತ್ತಿದ್ದುದು ಈ ಕಾರಣಕ್ಕೆ. ಸತ್ತವರು ಬಿದ್ದಿರುವ ಜಾಗ ಅಪಾಯದ ಜಾಗ ಎಂಬುದು ಕಾಗೆಯ ಪಾಠ.

ಅಲ್ಲಿಯ ಕಾನೂನು, ಇಲ್ಲಿಯ ಕಾನೂನು

ವಿಡಿಯೊ ನೋಡಿ ಉತ್ಸಾಹಗೊಂಡವರು ಈ ಭಾಗವನ್ನು ನಿಧಾನವಾಗಿ ಓದಬೇಕು. ಅಮೆರಿಕದಲ್ಲಿ 1972ರಿಂದ ಕಾಗೆ ವಲಸೆ ಹಕ್ಕಿಗಳ ಒಪ್ಪಂದದ ರಕ್ಷಣೆಯೊಳಗೆ ಬಂದಿದೆ. ರಾಜ್ಯಗಳು ಅದರ ಬೇಟೆಗೆ ಅವಕಾಶ ಕೊಡಬಹುದು, ಆದರೆ ವರ್ಷಕ್ಕೆ 124 ದಿನಗಳನ್ನು ಮೀರುವಂತಿಲ್ಲ, ಗೂಡುಕಟ್ಟುವಿಕೆ ಜೋರಾಗಿರುವ ಅವಧಿಯಲ್ಲಿ ಮಾಡುವಂತಿಲ್ಲ, ವಿಮಾನದಿಂದ ಹೊಡೆಯುವಂತಿಲ್ಲ. ಇಂಗ್ಲೆಂಡಿನಲ್ಲಿ ಬೆಳೆ ಮತ್ತು ಸಾಕುಪ್ರಾಣಿಗಳ ಗಂಭೀರ ಹಾನಿ ತಡೆಯುವಂಥ ಕಾರಣಗಳಿಗೆ ‘ಸಾಮಾನ್ಯ ಪರವಾನಗಿ’ಯಡಿ ಕೊಲ್ಲಬಹುದು. ಆ ಪರವಾನಗಿಗಳೂ 2019ರ ಏಪ್ರಿಲಿನಲ್ಲಿ ಕಾನೂನು ಸವಾಲಿನ ಕಾರಣ ರದ್ದಾಗಿ, ಬಳಿಕ ಹೊಸ ನಿಬಂಧನೆಗಳೊಂದಿಗೆ ಬಂದವು. ಅಂದರೆ ವಿಡಿಯೊದಲ್ಲಿ ನಿರಾಳವಾಗಿ ಕಾಣುವ ಮನುಷ್ಯನ ಹಿಂದೆ ಒಂದಿಷ್ಟು ಕಾಗದಪತ್ರ ಇರುತ್ತದೆ.

ಭಾರತದಲ್ಲಿ ಕಾಗೆಯ ಬೇಟೆಗೆ ಋತುವೂ ಇಲ್ಲ, ಪರವಾನಗಿ ಕೊಡುವ ಕಚೇರಿಯೂ ಇಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಐದನೆಯ ಅನುಸೂಚಿಯಲ್ಲಿ ಇಲಿ, ಹಣ್ಣುಬಾವಲಿಗಳ ಜತೆಗೆ ಕಾಗೆಯನ್ನು ‘ಉಪದ್ರವಕಾರಿ’ ಎಂದು ಪಟ್ಟಿ ಮಾಡಲಾಗಿತ್ತು. ‘ಕಾಗೆ ಹೊಡೆದರೆ ಯಾರೂ ಕೇಳುವುದಿಲ್ಲ’ ಎಂಬ ಮಾತು ಇಂದಿಗೂ ಕೇಳಿಬರುವುದು ಆ ಪಟ್ಟಿಯ ನೆನಪಿನಿಂದ. ಆದರೆ 2022ರ ತಿದ್ದುಪಡಿಯಲ್ಲಿ ಆ ಅನುಸೂಚಿಯನ್ನೇ ತೆಗೆದುಹಾಕಲಾಯಿತು, ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದಿತು. ಈಗ ಪ್ರಾಣಿಯೊಂದಕ್ಕೆ ಆ ಹಣೆಪಟ್ಟಿ ಹಚ್ಚಬೇಕಾದರೆ ಕೇಂದ್ರ ಸರ್ಕಾರ ಕಾಯ್ದೆಯ 62ನೆಯ ಸೆಕ್ಷನ್ನಿನಡಿ ಇಂತಿಷ್ಟು ಪ್ರದೇಶಕ್ಕೆ, ಇಂತಿಷ್ಟು ಅವಧಿಗೆ ಎಂದು ಅಧಿಸೂಚನೆ ಹೊರಡಿಸಬೇಕು. ಬಿಹಾರದ ನೀಲಗಾಯಿ, ಉತ್ತರಾಖಂಡದ ಕಾಡುಹಂದಿ, ಹಿಮಾಚಲ ಪ್ರದೇಶದ ಕೋತಿಗಳ ವಿಷಯದಲ್ಲಿ 2015–16ರ ಸುಮಾರಿಗೆ ಹೀಗೆ ಮಾಡಲಾಗಿತ್ತು.

ಇನ್ನೊಂದು ತಪ್ಪು ತಿಳಿವಳಿಕೆಯೂ ಇದೆ. ಕಾಯ್ದೆಯ ಪ್ರಕಾರ ಬೇಟೆಯೆಂದರೆ ಗುಂಡು ಹೊಡೆಯುವುದಷ್ಟೇ ಅಲ್ಲ. ಬಲೆ ಒಡ್ಡುವುದು, ಉರುಳು ಹಾಕುವುದು, ವಿಷವಿಡುವುದು, ಆಮಿಷವೊಡ್ಡಿ ಸೆಳೆಯುವುದು, ಇವುಗಳ ಪ್ರಯತ್ನ ಕೂಡ ಆ ವ್ಯಾಖ್ಯೆಯಲ್ಲಿ ಸೇರುತ್ತದೆ. ಶಿರಸಿ, ಸಿದ್ದಾಪುರ, ಯಲ್ಲಾಪುರದ ತೋಟಿಗರಲ್ಲಿ ಹಲವರ ಬಳಿ ಬೆಳೆ ರಕ್ಷಣೆಗೆಂದು ಪರವಾನಗಿ ಪಡೆದ ಕೋವಿಗಳಿವೆ, ಚುನಾವಣೆ ಬಂದಾಗ ಅವುಗಳನ್ನು ಠಾಣೆಗೆ ಒಪ್ಪಿಸಿ ಬರುವುದು ಎಲ್ಲರಿಗೂ ರೂಢಿ. ಆ ಪರವಾನಗಿ ಕೋವಿ ಇಟ್ಟುಕೊಳ್ಳುವುದಕ್ಕೆ ಕೊಟ್ಟದ್ದು, ವನ್ಯಜೀವಿಯನ್ನು ಕೊಲ್ಲಲು ಕೊಟ್ಟ ಅನುಮತಿಯಲ್ಲ.

ಹಡಗು ಹತ್ತಿ ಹೋದ ನಮ್ಮ ಕಾಗೆ

ಕುತೂಹಲದ ಸಂಗತಿಯೆಂದರೆ, ಹೊರದೇಶಗಳಲ್ಲಿ ಸರ್ಕಾರಗಳೇ ಮುಂದೆ ನಿಂತು ಕೊಲ್ಲಿಸುತ್ತಿರುವ ಕಾಗೆಗಳಲ್ಲಿ ನಮ್ಮ ಕಾಗೆಯೂ ಒಂದು. ಕರಾವಳಿಯಲ್ಲಿ ನಾವು ಕಾಣುವುದು ಮುಖ್ಯವಾಗಿ ಎರಡು ಜಾತಿ: ಕುತ್ತಿಗೆ ಬೂದಿಯಾದ ಊರುಕಾಗೆ, ಮೈಯೆಲ್ಲ ಕಪ್ಪಾಗಿ ಕೊಕ್ಕು ದಪ್ಪಗಿರುವ ಕಾಡುಕಾಗೆ. ಇವುಗಳಲ್ಲಿ ಊರುಕಾಗೆ ಮನುಷ್ಯರ ಬೆನ್ನು ಬಿಡುವುದಿಲ್ಲ, ಬಂದರಿನಲ್ಲಿ ನಿಂತ ಹಡಗಿನಲ್ಲಿ ಎಂಜಲು ಸಿಕ್ಕರೆ ಅದರೊಂದಿಗೇ ಪ್ರಯಾಣ ಮಾಡುತ್ತದೆ. ಕೆಲವು ಕಡೆ ಮನುಷ್ಯರೇ ಕರೆದೊಯ್ದರು. 19ನೆಯ ಶತಮಾನದ ಕೊನೆಯ ದಶಕದಲ್ಲಿ ಊರಿನ ಕಸ ತಿನ್ನಲೆಂದು ಜಾಂಜಿಬಾರಿಗೂ, ಅದೇ ಆಸುಪಾಸಿನಲ್ಲಿ ಕಾಫಿತೋಟದ ಕಂಬಳಿಹುಳು ತಿನ್ನಲೆಂದು ಮಲಯಾದ ಕ್ಲಾಂಗಿಗೂ ಊರುಕಾಗೆಯನ್ನು ತರಿಸಿದರು. ಹುಳು ತಿಂದು ಮುಗಿದ ಮೇಲೂ ಕಾಗೆ ಉಳಿಯಿತು. 1994ರಲ್ಲಿ ನೆದರ್ಲೆಂಡಿನ ಹುಕ್ ಆಫ್ ಹಾಲೆಂಡ್ ಬಂದರಿಗೂ ಅದು ತಲುಪಿತು. 2016ರಲ್ಲಿ ಯುರೋಪಿಯನ್ ಒಕ್ಕೂಟ ತನ್ನ ಆಕ್ರಮಣಕಾರಿ ಪರದೇಶಿ ಜೀವಿಗಳ ಮೊದಲ ಪಟ್ಟಿಯಲ್ಲಿಯೇ ಅದನ್ನು ಸೇರಿಸಿತು. ಕೆನ್ಯಾದ ವನ್ಯಜೀವಿ ಇಲಾಖೆ 2024ರಲ್ಲಿ, ಆ ವರ್ಷದ ಕೊನೆಯೊಳಗೆ ಹತ್ತು ಲಕ್ಷ ಊರುಕಾಗೆಗಳನ್ನು ಇಲ್ಲವಾಗಿಸುವ ಯೋಜನೆಯನ್ನು ಪ್ರಕಟಿಸಿತು. ಅಲ್ಲಿನ ಸ್ಥಳೀಯ ಹಕ್ಕಿಗಳ ಮೊಟ್ಟೆ, ಮರಿಗಳನ್ನು ಅದು ಮುಗಿಸುತ್ತಿದೆ ಎಂಬುದು ದೂರು. ಇಂಥ ದೊಡ್ಡ ಕಾರ್ಯಾಚರಣೆಗಳಲ್ಲಿ ದೀವ ಮತ್ತು ಮರಸಿನ ಪಾತ್ರ ಸಣ್ಣದು. ಒಬ್ಬ ಬೇಟೆಗಾರ ಒಂದು ಬೆಳಗ್ಗೆ ಹೊಡೆಯುವ ಹಕ್ಕಿಗಳು ಒಂದು ಬಂದರಿನ ಲೆಕ್ಕಕ್ಕೆ ಏನೂ ಅಲ್ಲ.

ಗುಂಡಿಲ್ಲದ ದೀವ

ಅದೇ ಬೊಂಬೆಯಿಂದ ಹಕ್ಕಿಗಳನ್ನು ಉಳಿಸಿದ ಉದಾಹರಣೆಯೂ ಇದೆ. ಅಮೆರಿಕದ ಮೇನ್ ರಾಜ್ಯದ ಈಸ್ಟರ್ನ್ ಎಗ್ ರಾಕ್ ದ್ವೀಪದಲ್ಲಿ ಬೇಟೆಯಿಂದಾಗಿ ಪಫಿನ್ ಎಂಬ ಕಡಲಹಕ್ಕಿಗಳು ಪೂರ್ತಿ ನಾಶವಾಗಿದ್ದವು. ಸ್ಟೀಫನ್ ಕ್ರೆಸ್ ಎಂಬ ಪಕ್ಷಿತಜ್ಞರು 1973ರಲ್ಲಿ ಕೆನಡಾದಿಂದ ಮರಿಗಳನ್ನು ತಂದು ಅಲ್ಲಿ ಬೆಳೆಸಿದರು. ದೊಡ್ಡವಾಗಿ ಕಡಲಿಗೆ ಹೋದ ಹಕ್ಕಿಗಳು ಮರಳಿ ಬಂದರೂ ಖಾಲಿ ಬಂಡೆಯ ಮೇಲೆ ಇಳಿಯಲು ಹಿಂಜರಿಯಬಾರದೆಂದು ಮರದ ಪಫಿನ್‌ಗಳನ್ನು ನಿಲ್ಲಿಸಿದರು. ಲಾರಿ ನಿಂತ ಖಾನಾವಳಿಯ ಉಪಾಯವೇ ಇದು. 1981ರಲ್ಲಿ ಪಫಿನ್‌ಗಳು ಅಲ್ಲಿ ಮತ್ತೆ ಗೂಡು ಮಾಡಿದವು.

ಮರಸಿನ ಹೊಸ ರೂಪ ನೋಡಲು ಅಷ್ಟು ದೂರ ಹೋಗಬೇಕಿಲ್ಲ. ನಮ್ಮ ಜಿಲ್ಲೆಯ ಗಣೇಶಗುಡಿಯಲ್ಲಿ ಹಕ್ಕಿಗಳ ಸ್ನಾನಕ್ಕೆಂದು ಇಟ್ಟ ಸಣ್ಣ ನೀರಿನ ತೊಟ್ಟಿಗಳ ಎದುರು ಹಸಿರು ಪರದೆ ಕಟ್ಟಿರುತ್ತಾರೆ, ಪರದೆಯ ಕಿಂಡಿಗಳಿಂದ ಹೊರಬಂದಿರುವುದು ಕ್ಯಾಮೆರಾಗಳ ಮೂತಿ. ಅಲುಗಬಾರದು, ಮಾತಾಡಬಾರದು ಎಂಬ ನಿಯಮ ಮಾತ್ರ ಹಳೆಯ ಮರಸಿನದೇ.

ಹಾಗಾದರೆ ಒಣಮೀನಿನ ಗತಿ?

ದೀವವಿಟ್ಟು ಕಾಗೆ ಹೊಡೆದರೆ ಮೀನು ಉಳಿಯುತ್ತದೆಯೆ ಎಂಬ ಮೂರನೆಯ ಪ್ರಶ್ನೆಗೆ ಕಾನೂನನ್ನು ಬದಿಗಿಟ್ಟರೂ ಉತ್ತರ ಬದಲಾಗುವುದಿಲ್ಲ. ಕಾಗೆಗಳ ಸಂಖ್ಯೆಯನ್ನು ಮುಖ್ಯವಾಗಿ ನಿರ್ಧರಿಸುವುದು ಸಿಗುವ ಆಹಾರ. ಬಂದರಿನ ಕಟ್ಟೆಯ ಮೇಲೆ ಬಿಸಾಡಿದ ಮೀನಿನ ತಲೆ, ಕರುಳು, ಬಲೆಯಿಂದ ಕೊಡವಿದ ಸಣ್ಣಪುಟ್ಟ ಏಡಿಗಳು ಎಲ್ಲಿಯವರೆಗೆ ಇರುತ್ತವೆಯೋ ಅಲ್ಲಿಯವರೆಗೆ ತೆರವಾದ ಜಾಗಕ್ಕೆ ಪಕ್ಕದ ಊರಿನ ಕಾಗೆಗಳು ಬರುತ್ತವೆ. ಜತೆಗೆ ಮೇಯುವ ಜಾಗದಲ್ಲಿ ಬೊಂಬೆ ಇಡುವುದೆಂದರೆ ಹೊಸ ಗಿರಾಕಿಗಳನ್ನು ಕರೆದಂತೆ. ಹೊನ್ನಾವರದ ಆಚೆ ಒಣಮೀನಿನ ಬಯಲಿನಲ್ಲಿ ಕುಳಿತಿದ್ದ ಹಿರಿಯ ಹೆಂಗಸೊಬ್ಬರಿಗೆ ಆ ವಿಡಿಯೊ ತೋರಿಸಿದಾಗ ಅವರು ಪೂರ್ತಿ ನೋಡುವ ಮೊದಲೇ ಮೊಬೈಲನ್ನು ವಾಪಸ್ಸು ಕೊಟ್ಟರು. “ಇದ್ದ ಕಾಗೇನೇ ಸಾಕಾಗದೆ, ಮತ್ತೆ ಪ್ಲಾಸ್ಟಿಕ್ ಕಾಗೆ ತಂದು ಕರೂದು ಎಂತಕ್ಕೆ ತಮಾ?”

ಕೆಲಸಕ್ಕೆ ಬರುವ ಉಪಾಯಗಳು ಸರಳವಾಗಿವೆ. ಮೀನನ್ನು ನೆಲದ ಬದಲು ಸೊಂಟದೆತ್ತರದ ಅಟ್ಟಣೆಯ ಮೇಲೆ ಹರವಿ, ಅದರ ಮೇಲೆ ಒಂದು ಗೇಣು ಎತ್ತರದಲ್ಲಿ ಸಣ್ಣ ಕಣ್ಣಿನ ಬಲೆಯನ್ನು ಬಿಗಿಯಾಗಿ ಎಳೆದು ಕಟ್ಟಿದರೆ ಕಾಗೆಯ ಕೊಕ್ಕು ಮೀನಿಗೆ ಎಟುಕುವುದಿಲ್ಲ, ಮರಳೂ ಅಂಟುವುದಿಲ್ಲ. ಬಲೆ ಜೋಲು ಬೀಳಬಾರದು. ಜೋಲು ಬಿದ್ದಲ್ಲಿ ಕಾಗೆ ಬಂದು ನಿಂತು ತನ್ನ ತೂಕದಿಂದಲೇ ಬಲೆಯನ್ನು ಮೀನಿಗೆ ತಾಗಿಸಿ ಕಣ್ಣಿನೊಳಗಿಂದ ಎಳೆಯುತ್ತದೆ. ಬೆದರುವಸ್ತುವನ್ನು ಕಟ್ಟುವುದಾದರೆ ಎರಡು ದಿನಕ್ಕೊಮ್ಮೆ ಜಾಗ ಬದಲಿಸಬೇಕು, ಮೂರನೆಯ ದಿನ ಅದರ ಮೇಲೆಯೇ ಕಾಗೆ ಕೂರುತ್ತದೆ. ಸತ್ತ ಕಾಗೆಯನ್ನು ತಂದು ಕಟ್ಟುವ ಹಳೆಯ ರೂಢಿಯನ್ನು ಮಾತ್ರ ಬಿಡಬೇಕು. 2021ರ ಜನವರಿಯಲ್ಲಿ ರಾಜಸ್ಥಾನ, ಮಧ್ಯಪ್ರದೇಶಗಳಲ್ಲಿ ಹಕ್ಕಿಜ್ವರ ಕಾಣಿಸಿಕೊಂಡದ್ದು ಸತ್ತುಬಿದ್ದ ಕಾಗೆಗಳಲ್ಲಿಯೇ. ಕಾರಣ ತಿಳಿಯದೆ ಸತ್ತ ಹಕ್ಕಿಯನ್ನು ಬರಿಗೈಯಿಂದ ಮುಟ್ಟದೆ ಪಶುವೈದ್ಯ ಇಲಾಖೆಗೆ ತಿಳಿಸುವುದು ಕ್ಷೇಮ. ಕಪ್ಪು ಬಟ್ಟೆ ಅದೇ ಕೆಲಸ ಮಾಡುತ್ತದೆ.

ನಾನು ಹೊರಡುವ ಹೊತ್ತಿಗೆ ಆ ಹಿರಿಯರು ಊಟಕ್ಕೆ ಎದ್ದು, ಕೋಲನ್ನು ಹತ್ತು ವರ್ಷದ ಮೊಮ್ಮಗನ ಕೈಗೆ ಕೊಟ್ಟರು. ಅಷ್ಟು ಹೊತ್ತು ವಿದ್ಯುತ್ ತಂತಿಯ ಮೇಲೆ ಕುಳಿತಿದ್ದ ಮೂರು ಕಾಗೆಗಳಲ್ಲಿ ಎರಡು ಅಲ್ಲಿಯೇ ಉಳಿದವು. ಒಂದು ಮರಳಿಗೆ ಇಳಿದು, ಹುಡುಗನ ಕೋಲು ಎಷ್ಟು ದೂರ ತಲುಪುತ್ತದೆಂದು ಅಳೆಯುವಂತೆ, ಅವನಿಗೂ ಮೀನಿಗೂ ನಡುವೆ ಕುಪ್ಪಳಿಸುತ್ತ ಬಂದು ನಿಂತಿತು.